ಬಿಎಸ್ಸಿ, ಬಿ.ಇ. ಆದ ಮೇಲೆ ಯಾವ ದಾರಿ? ಕಲಬುರಗಿ, ಬೀದರ್, ಯಾದಗಿರಿ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಇದು ಬಿ.ಇ. ಆರನೇ, ಏಳನೇ ಸೆಮಿಸ್ಟರ್‌ನಲ್ಲಿರುವವರಿಗೆ, ಬಿಎಸ್ಸಿ ಕೊನೆಯ ವರ್ಷಕ್ಕೆ ಬಂದವರಿಗೆ, ಅವರ ಮನೆಯವರಿಗೆ. ನಮ್ಮ ಭಾಗದಲ್ಲಿ ಮುಂದಿನ ಓದಿನ ತೀರ್ಮಾನ ಬಹಳಷ್ಟು ಮನೆಗಳಲ್ಲಿ ಫಲಿತಾಂಶ ಬಂದ ಮೇಲೆ, ಜೂನ್-ಜುಲೈನಲ್ಲಿ ಆಗುತ್ತದೆ. ಅಷ್ಟೊತ್ತಿಗೆ ಗೇಟ್ (ಎಂ.ಟೆಕ್ ಪ್ರವೇಶಕ್ಕೆ, ಸ್ಟೈಪೆಂಡ್‌ಗೆ ಬೇಕಾದ ರಾಷ್ಟ್ರೀಯ ಪರೀಕ್ಷೆ), ಜ್ಯಾಮ್ (ಐಐಟಿಗಳ ಎಂಎಸ್ಸಿ ಪ್ರವೇಶ ಪರೀಕ್ಷೆ) ಅರ್ಜಿಯ ಕಾಲ ಮುಗಿದು ಎಂಟು-ಒಂಬತ್ತು ತಿಂಗಳಾಗಿರುತ್ತದೆ. ಕೈಯಿಂದ ಫೀಸು ಕಟ್ಟಿ ಸೇರುವ ಸೀಟುಗಳಷ್ಟೇ ಉಳಿದಿರುತ್ತವೆ. ವಿಜ್ಞಾನ ಮತ್ತು ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಓದಿಗೆ, ಸಂಶೋಧನೆಗೆ ಸರ್ಕಾರವೇ ತಿಂಗಳು ತಿಂಗಳು ದುಡ್ಡು ಕೊಡುವ ವ್ಯವಸ್ಥೆ ಇದೆ. ಅದು ಸಿಗುವುದು ಸರಿಯಾದ ಪರೀಕ್ಷೆಯನ್ನು ಸರಿಯಾದ ತಿಂಗಳಲ್ಲಿ ಬರೆದವರಿಗೆ. ಆದ್ದರಿಂದ ಕೋರ್ಸಿನ ಹೆಸರು ಹಿಡಿದು ಶುರು ಮಾಡಬೇಡಿ. ಬೇಕಾದ ಹುದ್ದೆಯಿಂದ ಹಿಂದಕ್ಕೆ ಲೆಕ್ಕ ಹಾಕಿ, ಖರ್ಚು ಹೊರುವವರು ಯಾರೆಂದು ನೋಡಿ, ಕಾಲೇಜಿನ ಮಾತು ಆಮೇಲೆ.

(ಕೃಷಿ, ಪಶುವೈದ್ಯ ಪದವೀಧರರ ಪ್ರವೇಶ ಪರೀಕ್ಷೆಗಳೇ ಬೇರೆ. ಅವನ್ನು ಇಲ್ಲಿ ಸೇರಿಸಿಲ್ಲ.)

ಹಂತ 1: ಹುದ್ದೆ ಯಾವ ಪದವಿ ಕೇಳುತ್ತದೆ ಎಂದು ನೋಡಿ

ಒಂದು ಹಾಳೆ ತೆಗೆದುಕೊಂಡು, ಐದು ವರ್ಷದ ಮೇಲೆ ನೀವು ಮಾಡಬೇಕೆಂದಿರುವ ಎರಡು ಕೆಲಸ ಬರೆಯಿರಿ. ಆ ಕೆಲಸಗಳಿಗೆ ಹಿಂದೆ ಹೊರಟ ನೇಮಕಾತಿ ಅಧಿಸೂಚನೆ ತೆರೆದು, ವಿದ್ಯಾರ್ಹತೆಯ ಸಾಲನ್ನು ಅದರ ಪಕ್ಕಕ್ಕೆ ಇಳಿಸಿಕೊಳ್ಳಿ. ಅರ್ಧ ಗೊಂದಲ ಇಲ್ಲೇ ಕಳೆಯುತ್ತದೆ.

ಡಿಗ್ರಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಎಂಎಸ್ಸಿಯಲ್ಲಿ ಶೇ 55 (ಪರಿಶಿಷ್ಟರಿಗೆ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರಿಗೆ ಶೇ 50) ಮತ್ತು ನೆಟ್ ಅಥವಾ ಕೆ-ಸೆಟ್ (ರಾಷ್ಟ್ರ, ರಾಜ್ಯ ಮಟ್ಟದ ಬೋಧಕ ಅರ್ಹತಾ ಪರೀಕ್ಷೆಗಳು) ಬೇಕು. 2023ರ ಜುಲೈಯಿಂದ ಈ ಹುದ್ದೆಗೆ ಪಿಎಚ್‌ಡಿ ಕಡ್ಡಾಯವಲ್ಲ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡಲು ಬಿ.ಇ. ಮತ್ತು ಎಂ.ಟೆಕ್ ಎರಡೂ ಇರಬೇಕು, ಎರಡರಲ್ಲೊಂದು ಪ್ರಥಮ ದರ್ಜೆ ಆಗಿರಬೇಕು. ಅಲ್ಲಿ ಮೇಲಕ್ಕೆ ಏರಲು ಪಿಎಚ್‌ಡಿ ಬೇಕೇ ಬೇಕು.

ಇನ್ನೊಂದು ಕಡೆ, ಎಂ.ಟೆಕ್ ಕೇಳದ ಹುದ್ದೆಗಳ ಪಟ್ಟಿ ಉದ್ದವಿದೆ. ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಹುದ್ದೆಗೆ ಬಿ.ಇ. ಸಾಕು. ಗೇಟ್ ಅಂಕ ನೋಡಿ ತೆಗೆದುಕೊಳ್ಳುವ ಸಾರ್ವಜನಿಕ ಉದ್ಯಮಗಳಿಗೂ ಅಷ್ಟೇ. ಭಾಭಾ ಅಣು ಸಂಶೋಧನಾ ಕೇಂದ್ರದ ತರಬೇತಿ ಶಾಲೆ ಬಿ.ಇ. ಆದವರನ್ನೂ ಎಂಎಸ್ಸಿ ಆದವರನ್ನೂ ತೆಗೆದುಕೊಳ್ಳುತ್ತದೆ. ಇಸ್ರೋದ ವಿಜ್ಞಾನಿ/ಎಂಜಿನಿಯರ್ ಮೊದಲ ಹಂತದ ಹುದ್ದೆಗೂ ಒಳ್ಳೆಯ ಅಂಕದ ಬಿ.ಇ. ನಡೆಯುತ್ತದೆ. ನಿಮ್ಮ ಗುರಿ ಇದಾಗಿದ್ದರೆ ಎರಡು ವರ್ಷ ಎಂ.ಟೆಕ್‌ನಲ್ಲಿ ಕಳೆಯುವುದಕ್ಕಿಂತ ಒಂದು ವರ್ಷ ಗೇಟ್‌ಗೆ ಕೂತು ಓದುವುದು ಮೇಲು.

ಖಾಸಗಿ ಉದ್ಯಮದಲ್ಲಿ ವಿಷಯದ ಮೇಲೆ ಹೋಗುತ್ತದೆ. ಚಿಪ್ ವಿನ್ಯಾಸ, ಕಟ್ಟಡಗಳ ಸ್ಟ್ರಕ್ಚರಲ್ ವಿನ್ಯಾಸ, ಮಷಿನ್ ಲರ್ನಿಂಗ್ ಇವುಗಳಲ್ಲಿ ಒಳ್ಳೆಯ ಸಂಸ್ಥೆಯ ಎಂ.ಟೆಕ್‌ಗೆ ಬೆಲೆ ಇದೆ. ರಸಾಯನಶಾಸ್ತ್ರ ಓದಿದವರಿಗೆ ನಮ್ಮ ಸುತ್ತಲೇ ಕೆಲಸವಿದೆ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಗುಣಮಟ್ಟ ಪರೀಕ್ಷಾ ಲ್ಯಾಬ್, ಬೀದರಿನ ಕೊಳಾರ ಮತ್ತು ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶದ ಔಷಧ ಘಟಕಗಳು, ಅದಕ್ಕೂ ದೊಡ್ಡದಾಗಿ ಹೈದರಾಬಾದ್ ಸುತ್ತಲಿನ ಔಷಧ ಕಂಪನಿಗಳು. ಒಂದು ಮಾತು ನೆನಪಿರಲಿ. ಲ್ಯಾಬಿನಲ್ಲಿ ಮಾದರಿ ಪರೀಕ್ಷಿಸುವ ಕೆಲಸಕ್ಕೆ ಬಿಎಸ್ಸಿ ಆದವರನ್ನೂ ತೆಗೆದುಕೊಳ್ಳುತ್ತಾರೆ. ಹೊಸ ಅಣು ತಯಾರಿಸುವ ಸಂಶೋಧನಾ ವಿಭಾಗಕ್ಕೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಎಂಎಸ್ಸಿ ಕೇಳುತ್ತಾರೆ, ತಂಡದ ಮುಖ್ಯಸ್ಥರಾಗಲು ಪಿಎಚ್‌ಡಿ. ಎಂಎಸ್ಸಿಯಲ್ಲಿ ಯಾವ ವಿಶೇಷ ವಿಷಯ ಆರಿಸುತ್ತೀರಿ ಎಂಬುದನ್ನು ಈ ವ್ಯತ್ಯಾಸ ನೋಡಿಯೇ ತೀರ್ಮಾನಿಸಿ.

ಹಂತ 2: ಪ್ರತಿ ದಾರಿಯಲ್ಲಿ ದಿನ ಹೇಗೆ ಕಳೆಯುತ್ತದೆ

ಎಂ.ಟೆಕ್ ಎರಡು ವರ್ಷ. ಮೊದಲ ವರ್ಷ ಪಾಠ, ಪರೀಕ್ಷೆ. ಎರಡನೇ ವರ್ಷ ಪ್ರಾಜೆಕ್ಟ್. ಕ್ಯಾಂಪಸ್ ನೇಮಕಾತಿ ಎರಡನೇ ವರ್ಷದ ಆರಂಭದಲ್ಲೇ ಶುರುವಾಗುವುದರಿಂದ, ನಿಜವಾಗಿ ನಿಮ್ಮ ಕೈಯಲ್ಲಿರುವುದು ಒಂದು ವರ್ಷ. ಬಿ.ಇ.ಯಲ್ಲಿ ಬುನಾದಿ ಗಟ್ಟಿ ಇಲ್ಲದವರಿಗೆ ಈ ಒಂದು ವರ್ಷ ಬಹಳ ಕಠಿಣ.

ಸಂಶೋಧನೆಯ ಎಂ.ಎಸ್. ಬೇರೆ ಬಗೆ. ಕೆಲವು ಐಐಟಿಗಳಲ್ಲಿ ಇದು ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್ಸಿ) ಇದನ್ನೇ ಎಂ.ಟೆಕ್ (ರಿಸರ್ಚ್) ಎನ್ನುತ್ತಾರೆ. ಪಾಠ ಕಡಿಮೆ, ಪ್ರಬಂಧ ದೊಡ್ಡದು. ಎರಡರಿಂದ ಮೂರು ವರ್ಷ ಹಿಡಿಯುತ್ತದೆ. ಇದಕ್ಕೆ ಗೇಟ್ ಅಂಕದ ಜೊತೆ ಸಂದರ್ಶನ ಇರುತ್ತದೆ. ಎಂ.ಟೆಕ್‌ಗೆ ಸ್ವಲ್ಪದರಲ್ಲಿ ಸೀಟು ತಪ್ಪುವ ಅಂಕದವರಿಗೆ ಇಲ್ಲಿ ಸಂದರ್ಶನದ ಬಲದ ಮೇಲೆ ಸೀಟು ಸಿಗುವುದುಂಟು. ನಮ್ಮ ಭಾಗದ ವಿದ್ಯಾರ್ಥಿಗಳು ಈ ದಾರಿಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ ಎಂಬುದು ನಿಜಕ್ಕೂ ಬೇಸರದ ಸಂಗತಿ.

ಬಿ.ಇ. ಆದವರು ನೇರವಾಗಿ ಪಿಎಚ್‌ಡಿಗೆ ಹೋಗಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಎಂಜಿನಿಯರಿಂಗ್ ವಿಭಾಗಗಳಲ್ಲಿ, ಹಲವು ಐಐಟಿಗಳಲ್ಲಿ ಇದಕ್ಕೆ ಅವಕಾಶವಿದೆ. ಯುಜಿಸಿಯ 2022ರ ನಿಯಮದ ಪ್ರಕಾರ ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಇದ್ದವರೂ ವಿಶ್ವವಿದ್ಯಾಲಯಗಳಲ್ಲಿ ನೇರ ಪಿಎಚ್‌ಡಿಗೆ ಅರ್ಹರು. ಅದೇ ನಿಯಮ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಸಾಮಾನ್ಯ ಗರಿಷ್ಠ 6 ವರ್ಷ ಎಂದು ಹೇಳುತ್ತದೆ. ಪ್ರಯೋಗ ಆಧಾರಿತ ವಿಷಯಗಳಲ್ಲಿ ಐದು ವರ್ಷ ಎಂದುಕೊಂಡೇ ಮನೆಯಲ್ಲಿ ಮಾತಾಡಿ.

ಬಿಎಸ್ಸಿ ಆದವರಿಗೆ ಎರಡು ವರ್ಷದ ಎಂಎಸ್ಸಿ ಇದೆ, ಜೊತೆಗೆ ಎಂಎಸ್ಸಿ ಮತ್ತು ಪಿಎಚ್‌ಡಿ ಒಟ್ಟಿಗೇ ಸೇರಿದ ಇಂಟಿಗ್ರೇಟೆಡ್ ಪಿಎಚ್‌ಡಿ ಇದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆ, ಜವಾಹರಲಾಲ್ ನೆಹರೂ ಉನ್ನತ ಸಂಶೋಧನಾ ಕೇಂದ್ರ, ಐಸರ್‌ಗಳು (ಕೇಂದ್ರದ ವಿಜ್ಞಾನ ಶಿಕ್ಷಣ, ಸಂಶೋಧನಾ ಸಂಸ್ಥೆಗಳು), ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ಇಂಥ ಕಡೆ ಬಿಎಸ್ಸಿ ಮುಗಿಸಿದ ಕೂಡಲೇ ಸ್ಟೈಪೆಂಡ್ ಸಮೇತ ಸೇರಬಹುದು. ಗಣಿತದಲ್ಲಿ ಮನಸ್ಸಿರುವವರು ಭಾರತೀಯ ಸಾಂಖ್ಯಿಕ ಸಂಸ್ಥೆಯ ಪ್ರವೇಶ ಪರೀಕ್ಷೆಯನ್ನು ಬಿಡಬಾರದು.

ಎಂಎಸ್ಸಿ ಆದವರು ಎಂ.ಟೆಕ್‌ಗೂ ಹೋಗಬಹುದು ಎಂಬುದು ಹಲವರಿಗೆ ಗೊತ್ತಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಭೂವಿಜ್ಞಾನ ಇವುಗಳಲ್ಲಿ ಗೇಟ್ ಪತ್ರಿಕೆಗಳಿವೆ. ಮೆಟೀರಿಯಲ್ಸ್, ನ್ಯಾನೊ ತಂತ್ರಜ್ಞಾನ, ರಿಮೋಟ್ ಸೆನ್ಸಿಂಗ್ ಇಂಥ ಎಂ.ಟೆಕ್‌ಗಳು ಇವರಿಗೆ ತೆರೆದಿರುತ್ತವೆ.

ವಿದೇಶದ ಬಗ್ಗೆ ಎರಡೇ ಮಾತು. ಅಮೆರಿಕದಲ್ಲಿ ಎಂ.ಎಸ್.ಗೆ ಸಾಮಾನ್ಯವಾಗಿ ನಿಮ್ಮ ದುಡ್ಡು, ಪಿಎಚ್‌ಡಿಗೆ ಸಾಮಾನ್ಯವಾಗಿ ಅವರ ದುಡ್ಡು; ಬಿ.ಇ. ಆದ ಮೇಲೆ ನೇರ ಪಿಎಚ್‌ಡಿಗೂ ಅರ್ಜಿ ಹಾಕಬಹುದು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವಿಲ್ಲ, ಆದರೆ ವೀಸಾಕ್ಕೆ ಒಂದು ವರ್ಷದ ಜೀವನ ಖರ್ಚನ್ನು ಮೊದಲೇ, ತಿಂಗಳಿಗೆ ಇಷ್ಟೇ ಎಂದು ತೆಗೆಯಲು ಬಿಡುವ ಬ್ಲಾಕ್ಡ್ ಖಾತೆಯಲ್ಲಿ ಇಡಬೇಕು (2024ರ ಸೆಪ್ಟೆಂಬರ್‌ನಿಂದ ಜಾರಿಯಾದ ಮೊತ್ತ 11,904 ಯೂರೊ), ಭಾರತೀಯ ವಿದ್ಯಾರ್ಥಿಗಳಿಗೆ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಕಡ್ಡಾಯ. ಹೊಲ ಅಡವಿಟ್ಟು ಎಂ.ಎಸ್.ಗೆ ಕಳಿಸುವ ಮುನ್ನ, ಸಾಲದ ತಿಂಗಳ ಕಂತನ್ನು ಇಲ್ಲಿನ ಸಂಬಳದಲ್ಲಿ ಕಟ್ಟಲು ಆಗುತ್ತದೆಯೇ ಎಂದು ಲೆಕ್ಕ ಹಾಕಿ. ಅಲ್ಲಿ ಕೆಲಸ ಸಿಗದೆ ವಾಪಸ್ ಬರಬೇಕಾದರೆ ಕಂತು ಕಟ್ಟಬೇಕಾದದ್ದು ಇಲ್ಲಿಂದಲೇ.

ಹಂತ 3: ದುಡ್ಡಿನ ಲೆಕ್ಕ

ಗೇಟ್ ಅರ್ಹತೆ ಪಡೆದು ಪೂರ್ಣಾವಧಿ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ ₹12,400 ಸಿಗುತ್ತದೆ. 24 ತಿಂಗಳಿಗೆ ₹2,97,600. ಐಐಟಿ, ಎನ್‌ಐಟಿ ಮಾತ್ರವಲ್ಲ, ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇಯ ಮಾನ್ಯತೆ ಇರುವ ನಮ್ಮ ಊರಿನ ಕಾಲೇಜಿಗೆ ಸೇರಿದರೂ ಎಐಸಿಟಿಇಯ ಪಿಜಿ ವಿದ್ಯಾರ್ಥಿವೇತನದಲ್ಲಿ ಇಷ್ಟೇ ಬರುತ್ತದೆ. ಇದಕ್ಕೆ ದೊಡ್ಡ ರ್‍ಯಾಂಕ್ ಬೇಕಿಲ್ಲ, ಅರ್ಹತಾ ಅಂಕ ದಾಟಿದರೆ ಸಾಕು. ಸಾಮಾನ್ಯ ವರ್ಗಕ್ಕೆ ಅರ್ಹತಾ ಅಂಕ 100ಕ್ಕೆ 25ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಪತ್ರಿಕೆಯ ಕಷ್ಟ ನೋಡಿ ಅದು ಮೇಲೆ ಹೋಗುತ್ತದೆ. ಒಬಿಸಿಯವರಿಗೆ, ಇಡಬ್ಲ್ಯುಎಸ್‌ನವರಿಗೆ (ಬೇರೆ ಮೀಸಲಾತಿ ಇಲ್ಲದ, ಆರ್ಥಿಕವಾಗಿ ಹಿಂದುಳಿದವರು) ಅದರ ಶೇ 90, ಪರಿಶಿಷ್ಟರಿಗೆ ಮೂರರಲ್ಲಿ ಎರಡು ಪಾಲು.

ಹೋಲಿಕೆ ಹೀಗೆ ಮಾಡಿ. ಫೀಸು, ಹಾಸ್ಟೆಲ್, ಮೆಸ್ ಸೇರಿ ವರ್ಷಕ್ಕೆ ಒಂದೂವರೆ ಲಕ್ಷ ಎಂದುಕೊಳ್ಳಿ. ಎರಡು ವರ್ಷಕ್ಕೆ ಮೂರು ಲಕ್ಷ. ಗೇಟ್ ಇದ್ದರೆ ಸ್ಟೈಪೆಂಡ್‌ನಲ್ಲೇ ಹೆಚ್ಚುಕಡಿಮೆ ಸರಿಹೋಯಿತು. ಗೇಟ್ ಇಲ್ಲದಿದ್ದರೆ ಮೂರು ಲಕ್ಷ ಮನೆಯಿಂದ ಹೋಯಿತು, ಅದರ ಮೇಲೆ ₹20,000 ಸಂಬಳದ ಕೆಲಸ ಬಿಟ್ಟು ಬಂದಿದ್ದರೆ ಎರಡು ವರ್ಷದ ₹4,80,000 ಬರಲಿಲ್ಲ. ಒಟ್ಟು ಏಳು ಲಕ್ಷ ಎಂಬತ್ತು ಸಾವಿರದ ತೀರ್ಮಾನ ಅದು. ಗೇಟ್ ಇಲ್ಲದೆ ಎಂ.ಟೆಕ್ ಸೇರುವುದು ನಮ್ಮ ಅಭಿಪ್ರಾಯದಲ್ಲಿ ಒಂದೇ ಸಂದರ್ಭದಲ್ಲಿ ಸರಿ: ಈಗಾಗಲೇ ಕಾಲೇಜು ಅಥವಾ ಪಾಲಿಟೆಕ್ನಿಕ್‌ನಲ್ಲಿ ಕೆಲಸದಲ್ಲಿದ್ದು, ಆ ಕೆಲಸಕ್ಕೇ ಪದವಿ ಬೇಕಾದಾಗ.

ಪಿಎಚ್‌ಡಿಯಲ್ಲಿ ಲೆಕ್ಕ ಬೇರೆ. 2023ರ ಜನವರಿಯಿಂದ ನೆಟ್‌ನಂಥ ಪರೀಕ್ಷೆಯಿಂದ ಸಿಗುವ ಜೂನಿಯರ್ ಫೆಲೋಶಿಪ್ ತಿಂಗಳಿಗೆ ₹37,000, ಎರಡು ವರ್ಷದ ನಂತರ ₹42,000, ಮನೆ ಬಾಡಿಗೆ ಭತ್ಯೆ ಬೇರೆ. ಇದು ಸಿಗುವ ಪಿಎಚ್‌ಡಿ ಸಂಬಳದ ಕೆಲಸಕ್ಕೆ ಸಮ. ಸಿಗದ ಪಿಎಚ್‌ಡಿ ಮನೆಗೆ ಭಾರ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನೆಟ್ ಇಲ್ಲದವರಿಗೆ ₹8,000 ಕೊಡುವ ಯೋಜನೆ ಇದೆ. ರಾಜ್ಯ ವಿಶ್ವವಿದ್ಯಾಲಯಕ್ಕೆ ಫೆಲೋಶಿಪ್ ಇಲ್ಲದೆ ಸೇರಿದರೆ ಅಷ್ಟೂ ಗ್ಯಾರಂಟಿ ಇಲ್ಲ. ಅಂಥವರು ಕೆಸ್ಟೆಪ್ಸ್ (ವಿಜ್ಞಾನ, ತಂತ್ರಜ್ಞಾನ ಪ್ರೋತ್ಸಾಹಕ್ಕಿರುವ ರಾಜ್ಯದ ಸಂಸ್ಥೆ) ಮೂಲಕ ರಾಜ್ಯ ಕೊಡುವ ಡಿಎಸ್‌ಟಿ ಪಿಎಚ್‌ಡಿ ಫೆಲೋಶಿಪ್, ಪರಿಶಿಷ್ಟರ ರಾಷ್ಟ್ರೀಯ ಫೆಲೋಶಿಪ್, ಹಿಂದುಳಿದ ವರ್ಗಗಳ ಇಲಾಖೆಯ ನೆರವು ಇವುಗಳ ಅಧಿಸೂಚನೆಗಳನ್ನು ಗಮನಿಸುತ್ತಿರಬೇಕು. ಎಂಎಸ್ಸಿಯಲ್ಲಿ ವಿಶ್ವವಿದ್ಯಾಲಯಕ್ಕೇ ಮೊದಲ ರ್‍ಯಾಂಕ್ ಬಂದವರಿಗೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಫೆಲೋಶಿಪ್ ಇದೆ. ಗುಲಬರ್ಗಾ ವಿಶ್ವವಿದ್ಯಾಲಯದ ರ್‍ಯಾಂಕ್ ವಿಜೇತರು ಚಿನ್ನದ ಪದಕದ ಫೋಟೊ ತೆಗೆಸಿಕೊಂಡು ಸುಮ್ಮನಾಗಬಾರದು, ಇದಕ್ಕೆ ಅರ್ಜಿ ಹಾಕಬೇಕು.

ಸಾಲ ಬೇಕಾದರೆ ಪಿಎಂ-ವಿದ್ಯಾಲಕ್ಷ್ಮಿ ಯೋಜನೆ (2024ರ ನವೆಂಬರ್‌ನಲ್ಲಿ ಬಂದದ್ದು) ಪಟ್ಟಿಯಲ್ಲಿ ನಿಮ್ಮ ಸಂಸ್ಥೆ ಇದೆಯೇ ನೋಡಿ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲದ ಮೇಲೆ ಬಡ್ಡಿಯಲ್ಲಿ ಶೇ 3ರ ರಿಯಾಯಿತಿ ಸಿಗುತ್ತದೆ.

ಹಂತ 4: ಪರೀಕ್ಷೆ ಮತ್ತು ತಿಂಗಳುಗಳು

ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗಿನ ಅವಧಿ ಎಲ್ಲಕ್ಕಿಂತ ಮುಖ್ಯ. ಗೇಟ್ ಮತ್ತು ಜ್ಯಾಮ್ ಅರ್ಜಿಗಳು ಆಗಲೇ ಬರುತ್ತವೆ, ಪರೀಕ್ಷೆ ಫೆಬ್ರುವರಿಯಲ್ಲಿ.

ಗೇಟ್: 3 ಗಂಟೆ, 65 ಪ್ರಶ್ನೆ, 100 ಅಂಕ. ಅದರಲ್ಲಿ 15 ಅಂಕ ಸಾಮಾನ್ಯ ಅಭಿಕ್ಷಮತೆಗೆ. ಈ 15ರ ಮೇಲೆ ಒಂದು ತಿಂಗಳು ದಿನಕ್ಕೆ ಅರ್ಧ ಗಂಟೆ ಕೂತರೆ ಅರ್ಹತಾ ಅಂಕದ ಅರ್ಧ ದಾರಿ ಕ್ರಮಿಸಿದಂತೆ. ಬಹು ಆಯ್ಕೆಯ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಒಂದು ಅಂಕದ್ದಕ್ಕೆ 1/3, ಎರಡು ಅಂಕದ್ದಕ್ಕೆ 2/3 ಕಳೆಯುತ್ತಾರೆ. ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರುವ ಪ್ರಶ್ನೆಗೆ, ಸಂಖ್ಯೆ ಟೈಪ್ ಮಾಡುವ ಪ್ರಶ್ನೆಗೆ ಕಳೆಯುವುದಿಲ್ಲ. ಆದ್ದರಿಂದ ಈ ಎರಡು ಬಗೆಯಲ್ಲಿ ಒಂದನ್ನೂ ಖಾಲಿ ಬಿಡಬೇಡಿ. ಕ್ಯಾಲ್ಕ್ಯುಲೇಟರ್ ಒಯ್ಯುವಂತಿಲ್ಲ, ಪರದೆಯ ಮೇಲಿನದನ್ನೇ ಮೌಸ್‌ನಿಂದ ಒತ್ತಬೇಕು. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಕಾಲೇಜಿನ ಲ್ಯಾಬಿನಲ್ಲಿ ಕೂತು ಅದರ ಮೇಲೆ ಕೈ ಪಳಗಿಸಿಕೊಳ್ಳಬೇಕು, ಇಲ್ಲದಿದ್ದರೆ ಗೊತ್ತಿರುವ ಲೆಕ್ಕಕ್ಕೂ ಸಮಯ ಸಾಲುವುದಿಲ್ಲ. ಸ್ಕೋರ್ 3 ವರ್ಷ ನಡೆಯುತ್ತದೆ. ಪದವಿಯ ಮೂರನೇ ವರ್ಷದಲ್ಲೇ ಬರೆಯಬಹುದು, ಬಿಎಸ್ಸಿ ಕೊನೆಯ ವರ್ಷದವರೂ ಬರೆಯಬಹುದು. ಎಂಜಿನಿಯರಿಂಗ್‌ನವರು ಆರನೇ ಸೆಮಿಸ್ಟರ್‌ನಲ್ಲಿ ಒಮ್ಮೆ ಬರೆದುಬಿಡಿ. ಆ ಸ್ಕೋರ್ ಬಿ.ಇ. ಮುಗಿದ ಮೇಲೂ ಕೈಯಲ್ಲಿರುತ್ತದೆ.

ಜ್ಯಾಮ್: ಐಐಟಿಗಳ ಎಂಎಸ್ಸಿಗೆ, ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ. ಏಳು ಪತ್ರಿಕೆಗಳು: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಗಣಿತೀಯ ಸಂಖ್ಯಾಶಾಸ್ತ್ರ, ಜೈವಿಕ ತಂತ್ರಜ್ಞಾನ, ಭೂವಿಜ್ಞಾನ, ಅರ್ಥಶಾಸ್ತ್ರ. 60 ಪ್ರಶ್ನೆ, 100 ಅಂಕ. ಇದರ ಅಂಕ ಆ ವರ್ಷಕ್ಕೆ ಮಾತ್ರ. ಬಿಎಸ್ಸಿಯಲ್ಲಿ ನೀವು ಓದಿದ ವಿಷಯಗಳ ಜೋಡಿ ಇಲ್ಲಿ ತೊಡಕಾಗಬಹುದು. ಭೌತಶಾಸ್ತ್ರ ಎಂಎಸ್ಸಿಗೆ ಬಿಎಸ್ಸಿಯಲ್ಲಿ ಗಣಿತ ಕೇಳುತ್ತಾರೆ, ರಸಾಯನಶಾಸ್ತ್ರಕ್ಕೆ ಕೆಲವು ಐಐಟಿಗಳು ಪಿಯುಸಿಯಲ್ಲಾದರೂ ಗಣಿತ ಇರಬೇಕು ಎನ್ನುತ್ತವೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವರು ಅರ್ಜಿಗೆ ಮೊದಲೇ ಪ್ರತಿ ಐಐಟಿಯ ಅರ್ಹತಾ ಕೋಷ್ಟಕ ನೋಡಿಕೊಳ್ಳಿ.

ಸಿಯುಇಟಿ-ಪಿಜಿ: ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಎಂಎಸ್ಸಿಗೆ ಇದೇ ಬಾಗಿಲು. ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಡಿತ. ಅರ್ಜಿ ಚಳಿಗಾಲದಲ್ಲೇ ಬಂದು ಹೋಗುತ್ತದೆ. ಕಲಬುರಗಿಯಿಂದ ಮೂವತ್ತು-ನಲವತ್ತು ಕಿಲೋಮೀಟರ್ ದೂರದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇಟ್ಟುಕೊಂಡು, ಮೇ ತಿಂಗಳಲ್ಲಿ ಅಲ್ಲಿಗೆ ಹೋಗಿ ಅರ್ಜಿ ಫಾರಂ ಕೇಳುವ ಮಕ್ಕಳನ್ನು ನೋಡಿದರೆ ಸಂಕಟವಾಗುತ್ತದೆ.

ಪಿಜಿಸಿಇಟಿ: ಕೆಇಎ ನಡೆಸುವ ಇದರಿಂದ ರಾಜ್ಯದ ಕಾಲೇಜುಗಳ ಎಂ.ಟೆಕ್ ಸೀಟು. ಗೇಟ್ ಇದ್ದವರಿಗೆ ಮೊದಲ ಆದ್ಯತೆ. ರಾಜ್ಯ ವಿಶ್ವವಿದ್ಯಾಲಯಗಳ ಎಂಎಸ್ಸಿ ಪ್ರವೇಶಕ್ಕೆ ಯುಯುಸಿಎಂಎಸ್ ಜಾಲತಾಣ ನೋಡುತ್ತಿರಿ.

ಸಿಎಸ್‌ಐಆರ್-ಯುಜಿಸಿ ನೆಟ್: ಎಂಎಸ್ಸಿ ಓದುತ್ತಿರುವಾಗಲೇ ಬರೆಯಬಹುದು. ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ. 2024ರ ಜೂನ್‌ನಿಂದ ಫಲಿತಾಂಶ ಮೂರು ಬಗೆಯಲ್ಲಿ ಬರುತ್ತದೆ: ಫೆಲೋಶಿಪ್ ಸಮೇತ, ಸಹಾಯಕ ಪ್ರಾಧ್ಯಾಪಕ ಅರ್ಹತೆ ಮತ್ತು ಪಿಎಚ್‌ಡಿ ಪ್ರವೇಶಕ್ಕೆ, ಬರೀ ಪಿಎಚ್‌ಡಿ ಪ್ರವೇಶಕ್ಕೆ. ಕೊನೆಯ ಎರಡು ಬಗೆಯ ಅಂಕಕ್ಕೆ ಪಿಎಚ್‌ಡಿ ಪ್ರವೇಶದ ಮಟ್ಟಿಗೆ ಒಂದೇ ವರ್ಷದ ಆಯುಷ್ಯ. ಅಲ್ಲಿ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ: ಗೇಟ್ ಮತ್ತು ಜ್ಯಾಮ್ ಪತ್ರಿಕೆ ಇಂಗ್ಲಿಷ್‌ನಲ್ಲೇ ಇರುತ್ತದೆ. ಹತ್ತು ವರ್ಷದ ಹಳೆಯ ಪತ್ರಿಕೆ ಬಿಡಿಸುವಾಗ ಪ್ರಶ್ನೆಯ ವಾಕ್ಯ ಅರ್ಥವಾಗದೆ ತಪ್ಪಿದವುಗಳನ್ನು ಬೇರೆ ನೋಟ್‌ಬುಕ್‌ನಲ್ಲಿ ಬರೆದಿಡಿ. ಅದೇ ಹದಿನೈದಿಪ್ಪತ್ತು ವಾಕ್ಯ ರಚನೆಗಳು ಮತ್ತೆ ಮತ್ತೆ ಬರುತ್ತವೆ ಎಂಬುದು ಬೇಗ ತಿಳಿಯುತ್ತದೆ.

ಇಲ್ಲಿ ಹೆಚ್ಚು ಜನ ಎಡವುವ ಜಾಗ ಒಂದಿದೆ. ಪರೀಕ್ಷೆ ಪಾಸಾದರೆ ಸೀಟು ತಾನಾಗಿ ಬರುವುದಿಲ್ಲ. ಜ್ಯಾಮ್ ಫಲಿತಾಂಶದ ನಂತರ ಪ್ರವೇಶಕ್ಕೆ ಬೇರೆ ಅರ್ಜಿ ಹಾಕಿ, ಸಂಸ್ಥೆಗಳ ಆದ್ಯತೆ ಪಟ್ಟಿ ಕೊಡಬೇಕು. ಗೇಟ್ ಆದ ಮೇಲೆ ಪ್ರತಿ ಐಐಟಿಗೂ ಪ್ರತ್ಯೇಕ ಅರ್ಜಿ ಹಾಕಬೇಕು, ಅದರ ಜೊತೆಗೆ ಸಿಒಎಪಿ ಜಾಲತಾಣದಲ್ಲಿ ನೋಂದಾಯಿಸಬೇಕು. ಸಿಒಎಪಿ ಸೀಟು ಹಂಚುವ ಜಾಗವಲ್ಲ, ಬಂದ ಆಫರ್ ನೋಡಿ ಒಪ್ಪುವ ಅಥವಾ ಬಿಡುವ ಜಾಗ. ಅಲ್ಲಿ ಮಾತ್ರ ನೋಂದಾಯಿಸಿ, ಐಐಟಿಗೆ ಅರ್ಜಿ ಹಾಕದೆ ಕೂತರೆ ಒಂದು ಆಫರೂ ಬರುವುದಿಲ್ಲ. ಎನ್‌ಐಟಿಗಳಿಗೆ ಸಿಸಿಎಂಟಿ ಎಂಬ ಬೇರೆಯೇ ಕೌನ್ಸೆಲಿಂಗ್. ಮಾರ್ಚ್‌ನಿಂದ ಜುಲೈವರೆಗೆ ವಾರಕ್ಕೆ ಎರಡು ಸಲ ಇಮೇಲ್ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಅರ್ಜಿಯಲ್ಲಿ ಸೈಬರ್ ಸೆಂಟರ್‌ನವರ ಇಮೇಲ್, ಮೊಬೈಲ್ ನಂಬರ್ ಕೊಡಲೇಬೇಡಿ.

ಹಂತ 5: ಕಾಗದಪತ್ರ

ಸೀಟು ಕೈತಪ್ಪುವುದು ಎಷ್ಟೋ ಸಲ ಅಂಕದಿಂದಲ್ಲ, ಕಾಗದದಿಂದ.

ನಾಡಕಚೇರಿಯಲ್ಲಿ ಆರ್‌ಡಿ ನಂಬರ್ ಸಮೇತ ಸಿಗುವ ಜಾತಿ-ಆದಾಯ ಪ್ರಮಾಣಪತ್ರದಲ್ಲಿ ಪ್ರವರ್ಗ 1, 2ಎ, 3ಬಿ ಎಂದಿರುತ್ತದೆ. ಅದು ರಾಜ್ಯದ ಸೀಟಿಗೆ. ಐಐಟಿ, ಎನ್‌ಐಟಿ, ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರ ಬೇಕು, ಅದರಲ್ಲಿ ಕೆನೆಪದರಕ್ಕೆ ಸೇರಿಲ್ಲ ಎಂದು ಬರೆದಿರಬೇಕು, ಸಾಮಾನ್ಯವಾಗಿ ಆ ವರ್ಷದ ಏಪ್ರಿಲ್ 1ರ ನಂತರ ಪಡೆದದ್ದಾಗಿರಬೇಕು. ಅರ್ಜಿ ಕೊಡುವಾಗಲೇ ಕೇಂದ್ರದ ಒಬಿಸಿ ಎಂದು ಸ್ಪಷ್ಟವಾಗಿ ಹೇಳಿ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿ ಇಲ್ಲ. ರಾಜ್ಯದಲ್ಲಿ 3ಎ ಅಥವಾ 3ಬಿ ಆಗಿದ್ದು ಕೇಂದ್ರದ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಇಡಬ್ಲ್ಯುಎಸ್ ನೋಡಬಹುದು.

ಇಡಬ್ಲ್ಯುಎಸ್‌ಗೆ ಕುಟುಂಬದ ಆದಾಯ 8 ಲಕ್ಷಕ್ಕಿಂತ ಕಡಿಮೆ ಇರಬೇಕು, ಕೃಷಿ ಭೂಮಿ 5 ಎಕರೆಗಿಂತ ಕಡಿಮೆ ಇರಬೇಕು. ನಮ್ಮ ತೊಗರಿ ಸೀಮೆಯಲ್ಲಿ ಈ ಎರಡನೆಯ ಷರತ್ತೇ ಅಡ್ಡ ಬರುವುದು. ಆರೇಳು ಎಕರೆ ಮಳೆ ಆಶ್ರಿತ ಹೊಲ ಇದ್ದು, ವರ್ಷದ ಆದಾಯ ಒಂದು ಲಕ್ಷ ದಾಟದ ಮನೆಗೂ ಇದು ಸಿಗುವುದಿಲ್ಲ. ಇಲ್ಲಿ ಕುಟುಂಬ ಎಂದರೆ ವಿದ್ಯಾರ್ಥಿ, ತಂದೆ-ತಾಯಿ, 18ರೊಳಗಿನ ಒಡಹುಟ್ಟಿದವರು. ಮದುವೆ ಆಗಿದ್ದರೆ ಇವರ ಜೊತೆಗೆ ಗಂಡ ಅಥವಾ ಹೆಂಡತಿ, 18ರೊಳಗಿನ ಮಕ್ಕಳು. ಅಜ್ಜ-ಅಜ್ಜಿ ಈ ಲೆಕ್ಕದಲ್ಲಿ ಬರುವುದಿಲ್ಲ. ಆದ್ದರಿಂದ ಪಹಣಿಯಲ್ಲಿ ಹೊಲ ಯಾರ ಹೆಸರಿಗಿದೆ ಎಂದು ನೋಡಿಕೊಂಡೇ ತಹಶೀಲ್ದಾರ್ ಕಚೇರಿಗೆ ಹೋಗಿ.

371ಜೆ ಪ್ರಮಾಣಪತ್ರ ಉಪವಿಭಾಗಾಧಿಕಾರಿ ಕಚೇರಿಯಿಂದ. ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ಇದರ ಮೇಲೆ. ಪಿಜಿಸಿಇಟಿ ಕೌನ್ಸೆಲಿಂಗ್‌ನಲ್ಲಿ, ಮುಂದೆ ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಇದು ದೊಡ್ಡ ಬಲ. ಐಐಟಿ, ಐಐಎಸ್ಸಿ ಅರ್ಜಿಯಲ್ಲಿ ಇದಕ್ಕೆ ಜಾಗವಿಲ್ಲ.

ಹೆಸರಿನ ವಿಷಯ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಕೊನೆಗೆ, ಆಧಾರ್‌ನಲ್ಲಿ ತಂದೆಯ ಹೆಸರು ಪೂರ್ತಿ, ಬ್ಯಾಂಕ್ ಖಾತೆಯಲ್ಲಿ ಇನ್ನೊಂದು ಬಗೆ. ಪರೀಕ್ಷೆಗೆ ಒಯ್ಯುವ ಗುರುತಿನ ಚೀಟಿ ಮತ್ತು ಅರ್ಜಿಯ ಹೆಸರು ಹೊಂದಬೇಕು, ಮುಂದೆ ಸ್ಟೈಪೆಂಡ್ ಬರುವುದು ಆಧಾರ್ ಜೋಡಿಸಿದ ಖಾತೆಗೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂತೆ ಆಧಾರ್ ತಿದ್ದಿಸುವ ಕೆಲಸ ಗೇಟ್ ಅರ್ಜಿಗೆ ಮೊದಲೇ, ಜುಲೈನಲ್ಲಿ ಮುಗಿಸಿ.

ಸಿಜಿಪಿಎಯನ್ನು ಶೇಕಡಾವಾರಿಗೆ ತಿರುಗಿಸುವ ಸೂತ್ರ ನಿಮ್ಮ ಸ್ಕೀಮ್ ಮೇಲೆ ಹೋಗುತ್ತದೆ. ಸ್ನೇಹಿತರು ಹೇಳಿದ ಸೂತ್ರ ಹಾಕಬೇಡಿ. ವಿಶ್ವವಿದ್ಯಾಲಯದ ಸುತ್ತೋಲೆ ಅಥವಾ ಅಂಕಪಟ್ಟಿಯ ಹಿಂಬದಿ ನೋಡಿ. ಶೇ 60ರ ಅಂಚಿನಲ್ಲಿರುವವರಿಗೆ ಇದರಿಂದಲೇ ಅರ್ಜಿ ತಿರಸ್ಕಾರವಾಗಬಹುದು.

ಹಂತ 6: ಊರು ಯಾವುದು

ಕಲ್ಯಾಣ ಕರ್ನಾಟಕದ ವಿದ್ಯಾರ್ಥಿ ಉನ್ನತ ಶಿಕ್ಷಣ ಎಂದರೆ ಬೆಂಗಳೂರಿನ ಕಡೆ ಮುಖ ಮಾಡುತ್ತಾನೆ. ನಕ್ಷೆ ತೆರೆದು ನೋಡಿ. ಐಐಟಿ ಹೈದರಾಬಾದ್ ಇರುವುದು ಸಂಗಾರೆಡ್ಡಿ ಪಕ್ಕದ ಕಂದಿಯಲ್ಲಿ, ಜಹೀರಾಬಾದ್ ದಾಟಿ ಹೋಗುವ ಮುಂಬೈ ಹೆದ್ದಾರಿಯ ಮೇಲೆಯೇ. ಬೀದರಿನಿಂದ ನೂರು ಕಿಲೋಮೀಟರ್ ಒಳಗೆ. ಹೈದರಾಬಾದ್ ವಿಶ್ವವಿದ್ಯಾಲಯ, ರಸಾಯನ ತಂತ್ರಜ್ಞಾನದ ಐಐಸಿಟಿ, ಜೀವವಿಜ್ಞಾನದ ಸಿಸಿಎಂಬಿ ಎಲ್ಲವೂ ಅಲ್ಲೇ. ಬೀದರ್, ಯಾದಗಿರಿಯವರಿಗೆ ರಜೆಯಲ್ಲಿ ಊರಿಗೆ ಬಂದು ಹೋಗುವ ಖರ್ಚೂ ಕಡಿಮೆ. ಈ ಸಂಸ್ಥೆಗಳಲ್ಲಿ ಆಗಾಗ ಪ್ರಾಜೆಕ್ಟ್ ಅಸೋಸಿಯೇಟ್ ಹುದ್ದೆಗೆ ಸಂದರ್ಶನ ಕರೆಯುತ್ತಾರೆ. ಎಂಎಸ್ಸಿ ಮುಗಿಸಿ ನೆಟ್‌ಗೆ ಓದುತ್ತಾ ಮನೆಯಲ್ಲಿ ಕೂರುವುದಕ್ಕಿಂತ, ಒಂದು ವರ್ಷ ಅಂಥ ಲ್ಯಾಬಿನಲ್ಲಿ ಸಂಬಳ ತೆಗೆದುಕೊಂಡು ಕೆಲಸ ಮಾಡಿದರೆ ಪಿಎಚ್‌ಡಿ ಸಂದರ್ಶನದಲ್ಲಿ ಮಾತಾಡಲು ಸರಕು ಇರುತ್ತದೆ.

ರಾಜ್ಯದೊಳಗೆ ಸುರತ್ಕಲ್‌ನ ಎನ್‌ಐಟಿ, ಧಾರವಾಡದ ಐಐಟಿ, ರಾಯಚೂರಿನ ಐಐಐಟಿ ಇವೆ. ಊರಲ್ಲೇ ಇರಬೇಕಾದ ಕಾರಣ ಕೆಲವರಿಗಿರುತ್ತದೆ: ತಂದೆ-ತಾಯಿಯ ಆರೋಗ್ಯ, ಹೆಣ್ಣುಮಕ್ಕಳನ್ನು ದೂರ ಕಳಿಸದ ಮನೆ. ಅಂಥವರಿಗೆ ಕಡಗಂಚಿ, ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ, ಪಿಡಿಎ ಕಾಲೇಜು, ಬೀದರಿನ ಗುರುನಾನಕ್ ದೇವ್ ಕಾಲೇಜು ಇವೆ. ಇಲ್ಲಿ ಓದಿಯೂ ನೆಟ್, ಗೇಟ್ ಪಾಸಾಗಬಹುದು. ಆದರೆ ಉಪಕರಣಗಳ ವಿಷಯ ಮೊದಲೇ ವಿಚಾರಿಸಿ. ಎನ್‌ಎಂಆರ್, ಎಕ್ಸ್‌ಆರ್‌ಡಿ ಇಂಥವು ಇವೆಯೇ, ಇದ್ದರೆ ಚಾಲೂ ಇವೆಯೇ, ಇಲ್ಲದಿದ್ದರೆ ಮಾದರಿಗಳನ್ನು ಎಲ್ಲಿಗೆ ಕಳಿಸುತ್ತಾರೆ, ಅದರ ಖರ್ಚು ಯಾರದು ಎಂದು ಸೀನಿಯರ್‌ಗಳನ್ನು ಕೇಳಿ.

ಹಂತ 7: ಗೈಡ್ ಆಯ್ಕೆ

ಪಿಎಚ್‌ಡಿಯಲ್ಲಿ ಸಂಸ್ಥೆಯ ಹೆಸರಿಗಿಂತ ಗೈಡ್ ಯಾರು ಎಂಬುದು ಹೆಚ್ಚು ತೂಗುತ್ತದೆ. ಇದನ್ನು ಕಣ್ಣಾರೆ ಪರೀಕ್ಷಿಸುವ ಸಾಧನ ಎಲ್ಲರಿಗೂ ಉಚಿತವಾಗಿ ತೆರೆದಿದೆ. ಶೋಧಗಂಗಾ ಜಾಲತಾಣದಲ್ಲಿ ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳಿವೆ. ಗೈಡ್ ಹೆಸರು ಹಾಕಿ ಹುಡುಕಿ. ಬಂದ ಪ್ರಬಂಧಗಳಲ್ಲಿ ಇತ್ತೀಚಿನ ನಾಲ್ಕೈದನ್ನು ತೆರೆಯಿರಿ. ನೋಂದಣಿ ಮತ್ತು ಸಲ್ಲಿಕೆಯ ದಿನಾಂಕ ಸಿಕ್ಕರೆ ನಡುವಿನ ವರ್ಷ ಎಣಿಸಿ. ನಾಲ್ಕರಿಂದ ಆರು ಸಹಜ. ಎಲ್ಲವೂ ಏಳರ ಮೇಲಿದ್ದರೆ ಕಾರಣ ಕೇಳಬೇಕು. ಆಮೇಲೆ ಪ್ರಬಂಧದ ಕೊನೆಯಲ್ಲಿರುವ ಪ್ರಕಟಣೆಗಳ ಪಟ್ಟಿ ನೋಡಿ. ವಿದ್ಯಾರ್ಥಿಯ ಹೆಸರು ಮೊದಲ ಲೇಖಕರ ಜಾಗದಲ್ಲಿ ಎಷ್ಟು ಕಡೆ ಇದೆ? ಆ ನಿಯತಕಾಲಿಕೆಗಳು ಆ ವಿಷಯದವರು ನಿಜವಾಗಿ ಓದುವಂಥವೇ, ಹಣ ಕೊಟ್ಟರೆ ವಾರದಲ್ಲಿ ಅಚ್ಚಾಗುವಂಥವೇ? ಐದು ಪ್ರಬಂಧಗಳ ವಿಷಯ ಒಂದೇ ಅಚ್ಚಿನಲ್ಲಿ, ರಾಸಾಯನಿಕದ ಹೆಸರು ಮಾತ್ರ ಬದಲಾಗಿದ್ದರೆ ನಿಮಗೆ ಅಲ್ಲಿ ಕಲಿಯುವುದು ಕಡಿಮೆ.

ಇನ್ನು ಕೃತಜ್ಞತೆಯ ಪುಟ. ಯಾವ ಯೋಜನೆಯ ದುಡ್ಡು, ಯಾವ ಲ್ಯಾಬಿನ ಉಪಕರಣ ಎಂಬುದು ಅಲ್ಲಿ ಬರೆದಿರುತ್ತದೆ. ಗೈಡ್‌ಗೆ ಅನುದಾನ ಇದೆಯೇ ಎಂಬುದು ನೇರವಾಗಿ ಕೇಳಲು ಸಂಕೋಚವಾದರೆ ಈ ಪುಟ ಉತ್ತರ ಕೊಡುತ್ತದೆ.

ಸೀಟು ಇದೆಯೇ ಎಂದೂ ಕೇಳಿ. ಯುಜಿಸಿ ನಿಯಮದಂತೆ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ವಿದ್ಯಾರ್ಥಿಗಳನ್ನು ಮಾತ್ರ ತೆಗೆದುಕೊಳ್ಳಬಹುದು. ಗೈಡ್‌ಗೆ ಬರೆಯುವ ಇಮೇಲ್ ಹತ್ತು ಸಾಲು ಮೀರಬಾರದು: ನಿಮ್ಮ ಪದವಿ ಮತ್ತು ಅಂಕ, ನೆಟ್ ಅಥವಾ ಗೇಟ್ ಸ್ಥಿತಿ, ಅವರ ಯಾವ ಲೇಖನ ಓದಿದ್ದೀರಿ ಮತ್ತು ಅದರಲ್ಲಿ ನಿಮಗೆ ಮೂಡಿದ ಒಂದು ಪ್ರಶ್ನೆ, ಈ ವರ್ಷ ಸೀಟು ಇದೆಯೇ. ಒಂದೇ ಇಮೇಲ್ ಅನ್ನು ನಲವತ್ತು ಜನಕ್ಕೆ ಒಟ್ಟಿಗೆ ಕಳಿಸಿದರೆ ಒಬ್ಬರೂ ಉತ್ತರಿಸುವುದಿಲ್ಲ.

ಹಂತ 8: ಆಫರ್ ಬಂದಾಗ

ಜೂನ್‌ನಲ್ಲಿ ಎರಡು-ಮೂರು ಆಫರ್ ಒಟ್ಟಿಗೆ ಬಂದರೆ ಸಂಸ್ಥೆಯ ಹೆಸರಿಗಿಂತ ವಿಭಾಗವನ್ನು ನೋಡಿ. ಹಳೆಯ ಐಐಟಿಯಲ್ಲಿ ನಿಮಗೆ ಆಸಕ್ತಿಯಿಲ್ಲದ ಸ್ಪೆಷಲೈಸೇಷನ್ ಹಿಡಿದು, ಎರಡನೇ ವರ್ಷ ಕೋಡಿಂಗ್ ಕೆಲಸಕ್ಕೆ ಅಲೆಯುವುದಕ್ಕಿಂತ ಎನ್‌ಐಟಿಯಲ್ಲಿ ಬೇಕಾದ ವಿಷಯ ಓದುವುದು ಲೇಸು. ಹಿಂದಿನ ಬ್ಯಾಚಿನ ಇಬ್ಬರಿಗೆ ಫೋನ್ ಮಾಡಿ, ತರಗತಿಯಲ್ಲಿ ಎಷ್ಟು ಜನ ಇದ್ದರು, ಓದಿದ ವಿಷಯದಲ್ಲೇ ಕೆಲಸ ಎಷ್ಟು ಜನಕ್ಕೆ ಸಿಕ್ಕಿತು ಎಂದು ಕೇಳಿ. ಸರಾಸರಿ ಪ್ಯಾಕೇಜ್ ಕೇಳಿದರೆ ಸಿಗುವ ಉತ್ತರಕ್ಕಿಂತ ಇದು ನಂಬಿಕೆಗೆ ಅರ್ಹ.

ಸೇರುವ ದಿನ ಹತ್ತಿರ ಬಂದರೂ ಕೊನೆಯ ಸೆಮಿಸ್ಟರ್ ಫಲಿತಾಂಶ ಬಂದಿರದಿದ್ದರೆ ಗಾಬರಿ ಬೇಡ. ಹೆಚ್ಚಿನ ಸಂಸ್ಥೆಗಳು ಕಾಲೇಜಿನ ಪ್ರಾಂಶುಪಾಲರ ಪತ್ರ ಮತ್ತು ಮುಚ್ಚಳಿಕೆ ಪಡೆದು ತಾತ್ಕಾಲಿಕ ಪ್ರವೇಶ ಕೊಡುತ್ತವೆ, ಫಲಿತಾಂಶ ತೋರಿಸಲು ಕೊನೆಯ ದಿನ ಹೇಳುತ್ತವೆ. ಆ ದಿನಾಂಕವನ್ನು ಬರೆದಿಟ್ಟುಕೊಂಡು, ಊರು ಬಿಡುವ ಮೊದಲೇ ಕಾಲೇಜಿನಲ್ಲಿ ವರ್ಗಾವಣೆ ಪತ್ರಕ್ಕೆ, ವಿಶ್ವವಿದ್ಯಾಲಯದಲ್ಲಿ ವಲಸೆ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟು ಬನ್ನಿ. ಬ್ಯಾಂಕ್‌ಗೆ ಹೋಗಿ ಖಾತೆ ನಿಮ್ಮೊಬ್ಬರ ಹೆಸರಿನಲ್ಲಿದೆಯೇ, ಅದಕ್ಕೆ ಆಧಾರ್ ಜೋಡಣೆ ಆಗಿದೆಯೇ ನೋಡಿಕೊಳ್ಳಿ. ಎಐಸಿಟಿಇ ಸ್ಟೈಪೆಂಡ್‌ಗೆ ಜಂಟಿ ಖಾತೆ, ಜನಧನದಂಥ ಮಿತಿಯ ಖಾತೆ ನಡೆಯುವುದಿಲ್ಲ. ತರಗತಿ ಶುರುವಾದ ಮೊದಲ ವಾರದಲ್ಲೇ ಕಾಲೇಜಿನಲ್ಲಿ ಈ ವಿದ್ಯಾರ್ಥಿವೇತನ ನೋಡಿಕೊಳ್ಳುವವರು ಯಾರೆಂದು ಕೇಳಿ, ನೋಂದಣಿಯ ಕೊನೆಯ ದಿನಾಂಕ ತಿಳಿದುಕೊಳ್ಳಿ. ಕಾಲೇಜು ಪರಿಶೀಲಿಸಿ ಒಪ್ಪಿಗೆ ಕೊಡದೆ ಮುಂದೆ ಹೋಗುವುದಿಲ್ಲ, ಆ ಅವಧಿ ದಾಟಿದರೆ ಗೇಟ್ ಪಾಸಾಗಿದ್ದರೂ ದುಡ್ಡು ಬರುವುದಿಲ್ಲ.